ಇಳಿಜಾರಿನ ಮೇಲಿನವರು

ಪಶ್ಚಿಮ ಬೆಂಗಳೂರು ಸಮತಟ್ಟಲ್ಲ ಎಂದು ತಿಳಿಯಬೇಕಾದರೆ ಒಂದೋ ಸೈಕಲ್ ತುಳಿಯಬೇಕು, ಇಲ್ಲವೇ ಮಳೆ ಬರಬೇಕು. ರಾಜಾಜಿನಗರ ಬಿಟ್ಟು ಬಸವೇಶ್ವರನಗರ, ವಿಜಯನಗರ, ಚಂದ್ರಾ ಲೇಔಟ್ ಹಾದು ನಾಗರಬಾವಿ ಮುಟ್ಟುವಷ್ಟರಲ್ಲಿ ರಸ್ತೆ ಅದೆಷ್ಟೋ ಸಲ ಏರಿ ಇಳಿಯುತ್ತದೆ. ಇಳಿತದ ತಳದಲ್ಲಿ ನೋಡಿದರೆ ಒಂದು ಮೋರಿ ಇದ್ದೇ ಇರುತ್ತದೆ. ಒಂದು ಕಾಲಕ್ಕೆ ಹಳ್ಳವಾಗಿದ್ದದ್ದು ಅದು. ಈಗ ಎರಡೂ ಕಡೆ ಗೋಡೆ ಎದ್ದು, ಮೇಲೆ ಚಪ್ಪಡಿ ಬಿದ್ದು, ಚಪ್ಪಡಿಯ ಮೇಲೆ ಎಳನೀರಿನ ಗಾಡಿ ನಿಂತಿದೆ.

ಮೇ ತಿಂಗಳ ಒಂದು ರಾತ್ರಿ ಗುಡುಗು ಸಮೇತ ಮಳೆ ಹೊಡೆದ ಮಾರನೆಯ ಬೆಳಿಗ್ಗೆ ನಾನು ಅನ್ನಪೂರ್ಣೇಶ್ವರಿ ನಗರದಿಂದ ಹೊರಟೆ. ಇಲ್ಲಿ ಬಿದ್ದ ನೀರು ಎಲ್ಲೆಲ್ಲಿ ಹೋಗುತ್ತದೋ ಅದರ ಜಾಡು ಹಿಡಿದು ಆದಷ್ಟು ದೂರ ನಡೆಯುವುದು, ಕಾಲು ಸೋತರೆ ಬಸ್ಸು ಹತ್ತುವುದು ಎಂದಷ್ಟೇ ಯೋಜನೆ. ಹಂಪಿಗೂ ಆಗುಂಬೆಗೂ ಹೋಗುವುದು ಬಿಟ್ಟು ಮೋರಿಯ ಹಿಂದೆ ಹೊರಟವನನ್ನು ನೋಡಿ ನಗುವವರು ನಗಲಿ. ಈ ಬಡಾವಣೆಯ ಹೆಸರು ನಾಡಿಗೆಲ್ಲ ಗೊತ್ತಾದದ್ದು 2024ರ ಜೂನ್‌ನಲ್ಲಿ, ಚಿತ್ರನಟರೊಬ್ಬರ ಬಂಧನದ ಬೆನ್ನಿಗೆ ಇಲ್ಲಿನ ಪೊಲೀಸ್ ಠಾಣೆಯ ಮುಂದೆ ಟಿವಿ ಕ್ಯಾಮೆರಾಗಳು ಬೀಡುಬಿಟ್ಟಾಗ. ಅದಕ್ಕೆ ಕೆಲವೇ ತಿಂಗಳ ಹಿಂದೆ, ಮಾರ್ಚ್‌ನಲ್ಲಿ, ಊರಿನ ಕೊಳವೆಬಾವಿಗಳು ಕೈಕೊಟ್ಟು ಟ್ಯಾಂಕರುಗಳು ಹಗಲು ರಾತ್ರಿ ಓಡಿದ ಸುದ್ದಿ ಅಷ್ಟು ಹೊತ್ತು ನೆನಪಿನಲ್ಲಿ ಉಳಿಯಲಿಲ್ಲ.

ಬಡಾವಣೆಯ ಒಳಗಿನ ಕ್ರಾಸ್ ರಸ್ತೆಗಳಲ್ಲಿ ನಡೆದರೆ ಮೊದಲು ಕಣ್ಣಿಗೆ ಬೀಳುವುದು ಪೈಪುಗಳು. ತಾರಸಿಯಿಂದ ಇಳಿದ ನಾಲ್ಕಿಂಚಿನ ಬಿಳಿ ಪಿವಿಸಿ ಪೈಪು ಕಾಂಪೌಂಡಿನ ಹೊರಕ್ಕೆ ಬಾಯಿ ಚಾಚಿ ರಸ್ತೆಗೆ ನೀರು ಉಗುಳುತ್ತದೆ. ಒಂದು ಮನೆಗೆ ಒಂದಲ್ಲ, ಎರಡು, ಕೆಲವಕ್ಕೆ ಮೂರು. ಸೈಟಿನ ಅಂಚಿನಿಂದ ಅಂಚಿಗೆ ಕಟ್ಟಡ, ಉಳಿದ ಮೂರಡಿಗೆ ಗ್ರಾನೈಟು, ಗೇಟಿನ ಹೊರಗೆ ಕಾರು ಹತ್ತಿಸಲು ಸಿಮೆಂಟಿನ ಇಳಿಜಾರು, ಅದು ಮುಗಿದಲ್ಲಿ ಡಾಂಬರು. ರಸ್ತೆ ಬದಿಯ ಹೊಂಗೆ ಮರದ ಬುಡಕ್ಕೂ ಸಿಮೆಂಟು ಬಳಿದಿದ್ದಾರೆ. ಮರ ಅದೆಲ್ಲಿಂದ ನೀರು ಕುಡಿಯಬೇಕೋ! ಮಣ್ಣು ಕಾಣಬೇಕಾದರೆ ಇನ್ನೂ ಮಾರಾಟವಾಗದ ಖಾಲಿ ಸೈಟು ಹುಡುಕಬೇಕು. ಅಲ್ಲಿ ಮಾತ್ರ ರಾತ್ರಿಯ ಮಳೆ ಕೆಂಪಗೆ ನಿಂತಿತ್ತು, ಅಂಚಿನಲ್ಲಿ ಆಗಲೇ ಇಂಗತೊಡಗಿತ್ತು.

ಲೆಕ್ಕ ಸುಲಭ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 30×40ರ ಸೈಟು ಎಂದರೆ ಸುಮಾರು 111 ಚದರ ಮೀಟರ್. ಬೆಂಗಳೂರಿನಲ್ಲಿ ಒಂದು ಒಳ್ಳೆಯ ಸಂಜೆಮಳೆ 50 ಮಿಲಿಮೀಟರ್ ಸುರಿಸುವುದು ಅಪರೂಪವೇನಲ್ಲ. ಅಷ್ಟಾದರೆ ಒಂದು ಸೈಟಿನಿಂದ ಐದೂವರೆ ಸಾವಿರ ಲೀಟರ್. ನೂರು ಮನೆಯ ಒಂದು ಸಣ್ಣ ಬೀದಿಯಿಂದ ಐದೂವರೆ ಲಕ್ಷ. 12,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಹೇಳಿದರೆ 46 ಟ್ಯಾಂಕರ್ ನೀರು ಒಂದೇ ಗಂಟೆಯಲ್ಲಿ ಬೀದಿಯಿಂದ ಕೆಳಗಿಳಿದು ಹೋಗುತ್ತದೆ. ಬೇಸಿಗೆಯಲ್ಲಿ ಅಂಥದೇ ಟ್ಯಾಂಕರುಗಳು ಅದೇ ರಸ್ತೆಯನ್ನು ಏದುಸಿರು ಬಿಡುತ್ತಾ ಹತ್ತುತ್ತವೆ, ದುಡ್ಡು ಇಸಿದುಕೊಂಡು.

ಒಂದು ಕ್ರಾಸಿನಲ್ಲಿ ಮನೆ ಏಳುತ್ತಿತ್ತು. ಮೇಸ್ತ್ರಿ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಗೋಡೆಗೆ ಒರಗಿಸಿದ ನೀಲಿ ಡ್ರಮ್ಮು ನೋಡಿ, "ಮಳೆನೀರು ಕೊಯ್ಲಿಗಾ ಮೇಸ್ತ್ರಿ?" ಎಂದೆ.

"ಹೌದು ಸಾರ್. ಇಲ್ದಿದ್ರೆ ನೀರಿನ ಕನೆಕ್ಷನ್ ಕೊಡಲ್ಲ."

"ಡ್ರಮ್ಮಿಂದ ನೀರು ಎಲ್ಲಿಗೆ ಹೋಗತ್ತೆ?"

"ಆಚೆಗೆ. ಮೋರಿಗೆ."

"ಸಂಪಿಗೆ ಬಿಡಬಹುದಿತ್ತಲ್ಲ?"

"ನಾನು ಹೇಳ್ದೆ ಸಾರ್. ಕಾವೇರಿ ನೀರಿಗೆ ಮಳೆನೀರು ಬೆರೆತರೆ ಕೆಟ್ಟೋಗತ್ತೆ ಅಂತ ಓನರಮ್ಮ ಬೇಡ ಅಂದ್ರು."

ಕಾನೂನು ಇದೆ. 2009ರಲ್ಲಿ ಜಲಮಂಡಳಿಯ ಕಾಯ್ದೆಗೆ ತಿದ್ದುಪಡಿ ತಂದು 30×40ರಲ್ಲಿ ಹೊಸದಾಗಿ ಕಟ್ಟುವವರಿಗೂ 40×60ರ ಹಳೆಯ ಮನೆಯವರಿಗೂ ಮಳೆನೀರು ಕೊಯ್ಲನ್ನು ಕಡ್ಡಾಯ ಮಾಡಿದರು. ಮಾಡದವರಿಗೆ ನೀರಿನ ಬಿಲ್ಲಿನ ಜೊತೆ ದಂಡ. ದಂಡವನ್ನೇ ತಿಂಗಳು ತಿಂಗಳು ಕಟ್ಟಿಕೊಂಡು ನೆಮ್ಮದಿಯಾಗಿರುವ ಮನೆಗಳು ಊರಲ್ಲಿ ಸಾವಿರಾರಿವೆ. ಮೋರಿಗೆ ಸೋಸಿ ಬಿಡುವ ಡ್ರಮ್ಮು ಇಟ್ಟ ಮನೆಗಳ ಲೆಕ್ಕ ಇಟ್ಟವರು ಯಾರೂ ಇದ್ದಂತಿಲ್ಲ.

ಹಾಗೆಂದು ಮಾಡಿ ತೋರಿಸಿದವರು ಇಲ್ಲವೆಂದಲ್ಲ, ಅದೂ ದೂರದಲ್ಲಲ್ಲ. ಇಲ್ಲಿಂದ ಒಂದು ಬಸ್ಸಿನ ದಾರಿ ವಿಜಯನಗರ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ವಿಜ್ಞಾನಿಯಾಗಿದ್ದ ಎ.ಆರ್. ಶಿವಕುಮಾರ್ 1990ರ ದಶಕದ ನಡುವಿನಲ್ಲಿ ಅಲ್ಲಿ 'ಸೌರಭ' ಎಂಬ ಮನೆ ಕಟ್ಟಿಸಿದಾಗ ಜಲಮಂಡಳಿಯ ಸಂಪರ್ಕವನ್ನೇ ತೆಗೆದುಕೊಳ್ಳಲಿಲ್ಲ. ಅವರು ಮೊದಲು ಮಾಡಿದ ಕೆಲಸ ಬೆಂಗಳೂರಿನ ಹಳೆಯ ಮಳೆ ದಾಖಲೆಗಳನ್ನು ತಿರುವಿ ಹಾಕಿದ್ದು. ವರ್ಷಕ್ಕೆ ಎಷ್ಟು ಮಳೆ ಎಂಬುದು ಅವರಿಗೆ ಮುಖ್ಯವಾಗಲಿಲ್ಲ. ಒಂದು ಒಳ್ಳೆಯ ಮಳೆಗೂ ಇನ್ನೊಂದಕ್ಕೂ ನಡುವೆ ಎಷ್ಟು ದಿನ ಒಣಗಬೇಕಾಗುತ್ತದೆ ಎಂದು ನೋಡಿದರು. ಹೆಚ್ಚೆಂದರೆ ನೂರು ದಿನದ ಆಸುಪಾಸು. ನಾಲ್ಕು ಜನರ ಸಂಸಾರಕ್ಕೆ ದಿನಕ್ಕೆ 400 ಲೀಟರ್. ಗುಣಿಸಿದರೆ 40,000. ಅದಕ್ಕೆ ತಕ್ಕಂತೆ ಸುಮಾರು 45,000 ಲೀಟರ್ ಹಿಡಿಯುವ ತೊಟ್ಟಿಗಳನ್ನು ಮನೆಯ ಮೇಲೂ ಕೆಳಗೂ ಕಟ್ಟಿಸಿದರು, ಮಿಕ್ಕಿದ್ದನ್ನು ನೆಲಕ್ಕೆ ಇಂಗಿಸಿದರು. ದೊಡ್ಡ ಉಪಕರಣವಿಲ್ಲ, ವಿದೇಶಿ ತಂತ್ರವಿಲ್ಲ. ಮೂರನೆಯ ಕ್ಲಾಸಿನ ಗುಣಾಕಾರ. ಈ ಮನೆಯ ಬಗ್ಗೆ ಬರೆದವರೆಲ್ಲ ನೀರಿನ ಬಿಲ್ಲು ಬಾರದ ಸಂಗತಿಯನ್ನೇ ಎತ್ತಿ ಹೇಳಿದ್ದಾರೆ. ನನಗೆ ಇನ್ನೊಂದು ಹೆಚ್ಚು ಮುಖ್ಯವಾಗಿ ಕಾಣುತ್ತದೆ: ಮಳೆ ಜೋರಾದ ರಾತ್ರಿ ಆ ಸೈಟಿನಿಂದ ಕೆಳಗಿನವರ ಬಾಗಿಲಿಗೆ ಹೋಗುವ ನೀರು ಬಹಳ ಕಡಿಮೆ.

ಏಕೆಂದರೆ ಪಶ್ಚಿಮದ ಈ ಬಡಾವಣೆಗಳಲ್ಲಿ ಹೆಚ್ಚಿನವು ಎತ್ತರದಲ್ಲಿರುವವು. ಎತ್ತರದಲ್ಲಿರುವವರಿಗೆ ಮಳೆ ಎಂದರೆ ಹತ್ತು ನಿಮಿಷದ ತೊಂದರೆ. ನೀರು ಕಣ್ಣ ಮುಂದೆಯೇ ಇಳಿದು ಹೋಗುತ್ತದೆ, ಮೋರಿ ಚೆನ್ನಾಗಿದೆ ಎಂದುಕೊಳ್ಳುತ್ತೇವೆ. ನೆರೆ ಎಂಬುದು ತಗ್ಗಿನಲ್ಲಿ ಮನೆ ಕಟ್ಟಿದವರ ತಪ್ಪಾಗಿ ನಮಗೆ ತೋರುತ್ತದೆ. 2020ರ ಅಕ್ಟೋಬರಿನಲ್ಲಿ ಹೊಸಕೆರೆಹಳ್ಳಿ, ದತ್ತಾತ್ರೇಯನಗರಗಳಲ್ಲಿ ರಾಜಕಾಲುವೆ ಉಕ್ಕಿ ಮನೆಯೊಳಗೆ ಎದೆಮಟ್ಟ ನೀರು ನಿಂತಾಗ ಮಾತೆಲ್ಲ ಒತ್ತುವರಿಯದ್ದೇ. ಒತ್ತುವರಿ ಇತ್ತು, ಇದೆ, ಸುಳ್ಳಲ್ಲ. ಆದರೆ ಕಾಲುವೆಯ ಅಗಲ ಕಡಿಮೆಯಾದದ್ದು ಎಷ್ಟು ನಿಜವೋ ಅದಕ್ಕೆ ಬರುವ ನೀರು ಹೆಚ್ಚಾದದ್ದೂ ಅಷ್ಟೇ ನಿಜ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಉಪಗ್ರಹ ಚಿತ್ರಗಳನ್ನಿಟ್ಟು ಅಳೆದಿದೆ: 1973ರಿಂದೀಚೆಗೆ ಬೆಂಗಳೂರಿನ ಕಟ್ಟಡ-ಕಾಂಕ್ರೀಟಿನ ಹಾಸು ಹತ್ತು ಪಟ್ಟಿಗೂ ಮೀರಿ ಬೆಳೆದಿದೆ. ಮಣ್ಣಿನ ಮೇಲೆ ಬಿದ್ದ ನೀರು ಮೊದಲು ಹುಲ್ಲಿಗೆ ತಡೆದು, ಎಲೆಯ ಕೆಳಗೆ ನಿಂತು, ಬೇರಿನ ಸಂದಿಯಲ್ಲಿ ಇಳಿದು, ಉಳಿದದ್ದಷ್ಟೇ ಹಳ್ಳಕ್ಕೆ ಬರುತ್ತಿತ್ತು, ಅದೂ ನಿಧಾನವಾಗಿ. ಈಗ ಬಿದ್ದದ್ದೆಲ್ಲವೂ ಏಕಕಾಲಕ್ಕೆ ಹೊರಡುತ್ತದೆ.

ಬಡಾವಣೆ ಬಿಟ್ಟು ಮಲ್ಲತ್ತಹಳ್ಳಿ ಕೆರೆಯ ಕಡೆ ನಡೆದೆ. ಅಂಬೇಡ್ಕರ್ ತಾಂತ್ರಿಕ ಕಾಲೇಜಿನ ಹುಡುಗರು ಬ್ಯಾಗು ನೇತುಹಾಕಿಕೊಂಡು ಬರುತ್ತಿದ್ದರು. ಎಪ್ಪತ್ತು ಎಕರೆಯ ಆಸುಪಾಸಿನ ಕೆರೆ. ಕೆಲವು ವರ್ಷದ ಹಿಂದೆ ಇದರ ದಂಡೆಯಲ್ಲಿ ಶಿವನ ಪ್ರತಿಮೆಗಳ ಉದ್ಯಾನ ಮಾಡಹೊರಟು ವಿಷಯ ಹೈಕೋರ್ಟಿನ ಮೆಟ್ಟಿಲು ಹತ್ತಿತ್ತು. ಕೆರೆಗೆ ಶಿವ ಬೇಕೋ ಬೇಡವೋ ಎಂಬ ಜಗಳದಲ್ಲಿ ಕೆರೆಗೆ ಏನು ಕೆಲಸವಿತ್ತು ಎಂಬುದನ್ನು ಕೇಳಿದವರು ಕಡಿಮೆ. ಅದರ ಕೆಲಸ ಮಳೆ ಬಂದಾಗ ಹೊಟ್ಟೆ ಬಿಟ್ಟುಕೊಡುವುದು, ಆಮೇಲೆ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಬಿಡುವುದು. ಕೆರೆಯ ಹೊಟ್ಟೆ ಬೇಸಿಗೆಯಲ್ಲೂ ತುಂಬಿಯೇ ಇದ್ದರೆ ಜೂನ್ ಮಳೆಗೆ ಜಾಗವೆಲ್ಲಿ? ಸುತ್ತಲಿನ ಬಡಾವಣೆಗಳ ಕೊಳಚೆ ಒಳಗೆ ಬರುವಷ್ಟು ಕಾಲವೂ ಬೆಂಗಳೂರಿನ ಕೆರೆಗಳು ಹೀಗೆಯೇ ತುಂಬಿರುತ್ತವೆ, ತುಂಬಿರುವುದನ್ನು ನೋಡಿ ವಾಕಿಂಗಿನವರು ಸಂತೋಷಪಡುತ್ತಾರೆ.

ಕೆರೆಯಿಂದ ಕೆರೆಗೆ ಕೋಡಿ ನೀರು ಇಳಿಸುವ ಏರ್ಪಾಡನ್ನು ಕಾಣಬೇಕಾದರೆ ಚಿತ್ರದುರ್ಗದ ಕೋಟೆ ಹತ್ತಬೇಕು. ಗೋಪಾಲಸ್ವಾಮಿ ಹೊಂಡ ತುಂಬಿ ಹೆಚ್ಚಾದದ್ದು ಅಕ್ಕ-ತಂಗಿಯರ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ. ಬಂಡೆಗಲ್ಲಿನ ಬೆಟ್ಟದ ಮೇಲೆ ಬಿದ್ದ ಮಳೆಯನ್ನು ಒಂದೊಂದು ಮೆಟ್ಟಿಲಲ್ಲೂ ತಡೆದು ನಿಲ್ಲಿಸಿದ್ದಾರೆ. ಇಂದು ಇಂಗ್ಲೆಂಡಿನಲ್ಲೂ ಸ್ವೀಡನ್ನಿನಲ್ಲೂ ಸುಸ್ಥಿರ ಚರಂಡಿ ಎಂದು ಕಲಿಸುವುದರ ತಿರುಳೂ ಇದೇ. ಸ್ವೀಡನ್ನಿನ ಮಾಲ್ಮೋ ನಗರದ ಆಗಸ್ಟೆನ್‌ಬೋರ್ಗ್ ಬಡಾವಣೆಯಲ್ಲಿ ನೆಲಮಾಳಿಗೆಗಳಿಗೆ ನೀರು ನುಗ್ಗುತ್ತಿತ್ತು. 1998ರ ಸುಮಾರಿಗೆ ಅವರು ಇನ್ನೂ ದೊಡ್ಡ ಪೈಪು ಹೂಳಲು ಹೋಗಲಿಲ್ಲ. ತಾರಸಿಯ ಮೇಲೆ ಹುಲ್ಲು, ಅಂಗಳದಲ್ಲಿ ತೆರೆದ ಕಾಲುವೆ, ಅಲ್ಲಲ್ಲಿ ಹೊಂಡ ಮಾಡಿ ನೀರನ್ನು ಸುತ್ತಿಸಿ ಬಳಸಿ ತಡಮಾಡಿಸಿದರು.

ನಮ್ಮಲ್ಲಿ ಆಗುತ್ತಿರುವುದು ತಿರುಗುಮುರುಗು. ನಗರದ 800 ಕಿಲೋಮೀಟರಿಗೂ ಮೀರಿದ ರಾಜಕಾಲುವೆಗಳ ದುರಸ್ತಿ ಎಂದರೆ ಎರಡೂ ಬದಿಗೆ ಆರ್‌ಸಿಸಿ ಗೋಡೆ, ತಳಕ್ಕೂ ಕಾಂಕ್ರೀಟು. ನುಣುಪಾದ ತಳದ ಮೇಲೆ ನೀರು ಇನ್ನೂ ವೇಗವಾಗಿ ಓಡುತ್ತದೆ. ಮೇಲಿನವರ ರಸ್ತೆ ಬೇಗ ಒಣಗುತ್ತದೆ, ಕೆಳಗಿನವರ ಮನೆ ಬೇಗ ಮುಳುಗುತ್ತದೆ. ಗೋಡೆ ಬೇಡವೆನ್ನುತ್ತಿಲ್ಲ. ಗೋಡೆಯಷ್ಟನ್ನೇ ಕಟ್ಟಿ ಕೆಲಸ ಮುಗಿಯಿತೆನ್ನುವುದು ಗುತ್ತಿಗೆದಾರರಿಗೆ ಅನುಕೂಲ, ನೀರಿಗಲ್ಲ.

ಜ್ಞಾನಭಾರತಿಯ ಆವರಣ ಹೊಕ್ಕಾಗ ಬಿಸಿಲು ಏರಿತ್ತು, ಆದರೂ ಒಳಗೆ ತಂಪು. ಸಾವಿರ ಎಕರೆಗೂ ಮಿಗಿಲಾದ ವಿಶ್ವವಿದ್ಯಾಲಯದ ಈ ಜಾಗ ನಗರದ ಪಶ್ಚಿಮದಲ್ಲಿ ಉಳಿದಿರುವ ದೊಡ್ಡ ಬರಿನೆಲ. ಬರಿನೆಲ ಎಂದರೆ ಬರಡಲ್ಲ, ಕಾಂಕ್ರೀಟು ಮೆತ್ತದ ನೆಲ. ಜೈವಿಕ ವನದ ಅಂಚಿನಲ್ಲಿ ಒಂದು ತಡೆಗಟ್ಟಿನ ಹಿಂದೆ ನೀರು ನಿಂತಿತ್ತು, ಕಂದು ಬಣ್ಣದ್ದು, ವಾಸನೆಯಿಲ್ಲದ್ದು. ಅದೇ ರಾತ್ರಿ, ಅದೇ ಮೋಡ, ಅರ್ಧ ಗಂಟೆಯ ನಡಿಗೆಯಷ್ಟೇ ಅಂತರ. ಅಲ್ಲಿ ಬೀದಿಯ ಮೋರಿ ಬೆಳಗಾಗುವಷ್ಟರಲ್ಲಿ ಖಾಲಿ. ಇಲ್ಲಿ ಎಲೆಗೊಬ್ಬರದ ಕೆಳಗೆ ಕಾಲಿಟ್ಟರೆ ಇನ್ನೂ ಒದ್ದೆ. ತರಗೆಲೆಯನ್ನು ಗುಡಿಸಿ ಬೆಂಕಿ ಹಚ್ಚುವ ನಮ್ಮ ಪಾರ್ಕುಗಳ ಮಾಲಿಗಳನ್ನು ಒಂದು ದಿನ ಇಲ್ಲಿ ಕರೆತರಬೇಕು ಅನ್ನಿಸಿತು. ಮಾಲಿಗಳನ್ನಲ್ಲ, ಅವರಿಗೆ ಹಾಗೆ ಮಾಡಲು ಹೇಳುವವರನ್ನು.

ಕ್ಯಾಂಪಸ್ಸಿನ ಹೊರಗೆ, ಉಲ್ಲಾಳದ ಕಡೆಯ ರಸ್ತೆಯಲ್ಲಿ ಇಬ್ಬರು ಬಾವಿ ತೋಡುತ್ತಿದ್ದರು. ಕೆಳಗಿರುವವನು ಕಾಣುತ್ತಿರಲಿಲ್ಲ, ಮಂಕರಿ ಮಾತ್ರ ಹಗ್ಗದಲ್ಲಿ ಮೇಲೆ ಬರುತ್ತಿತ್ತು. ಬಾವಿ ತೋಡುವುದು ತಲೆಮಾರುಗಳಿಂದ ಮಣ್ಣು ಒಡ್ಡರ ಕಸುಬು. ಕೊಳವೆಬಾವಿ ಬಂದು ಕೆಲಸ ತಪ್ಪಿಹೋಗಿದ್ದವರಿಗೆ ಈಗ ಇಂಗುಬಾವಿಗಳ ಕೆಲಸ ಸಿಗುತ್ತಿದೆ. ಬಯೋಮ್ ಟ್ರಸ್ಟಿನ ಎಸ್. ವಿಶ್ವನಾಥ್ ಮತ್ತವರ ಸಂಗಡಿಗರು ನಗರದಲ್ಲಿ ಹತ್ತು ಲಕ್ಷ ಬಾವಿಗಳ ಅಭಿಯಾನ ಶುರು ಮಾಡಿದ ಮೇಲೆ ಹೆಚ್ಚು ಸಿಗುತ್ತಿದೆ. ಮೇಲೆ ನಿಂತ ಹಿರಿಯರನ್ನು ಮಾತಿಗೆಳೆದೆ.

"ಎಷ್ಟು ಆಳ ಅಣ್ಣಾ?"

"ಇಪ್ಪತ್ತಡಿ. ಮೂರಡಿ ಬಾಯಿ. ಮೇಲೆ ಕೆಮ್ಮಣ್ಣು, ಆಮೇಲೆ ಮೊರಂ. ಮೊರಂ ಸಿಕ್ಕಿದ್ರೆ ಸಾಕು, ನೀರು ಕುಡೀತದೆ."

"ಜಲ್ಲಿ ತುಂಬಲ್ವಾ?"

"ತುಂಬಿದ್ರೆ ನೀರಿಗೆ ಜಾಗ ಎಲ್ಲಿ ಸಾರ್? ರಿಂಗು ಇಳಿಸಿ, ಮೇಲೆ ಮುಚ್ಚಳ ಹಾಕಿ ಬಿಡೋದೇ. ಎರಡು ಮೂರು ವರ್ಷಕ್ಕೊಂದ್ಸಲ ಹೂಳು ತೆಗೀಬೇಕು. ಅದಕ್ಕೆ ಮಾತ್ರ ಯಾರೂ ಕರೆಯಲ್ಲ."

ಮೂರಡಿ ಅಗಲ, ಇಪ್ಪತ್ತಡಿ ಆಳ ಎಂದರೆ ಸುಮಾರು 4,000 ಲೀಟರ್. ಬೆಳಿಗ್ಗೆ ಹಾಕಿದ ಲೆಕ್ಕದ ಐದೂವರೆ ಸಾವಿರದಲ್ಲಿ ಮುಕ್ಕಾಲು ಪಾಲು ಒಂದೇ ಬಾವಿಯ ಹೊಟ್ಟೆಗೆ! ತುಂಬುತ್ತಿರುವಾಗಲೇ ಇಂಗುವುದು ಬೇರೆ. ಎಲ್ಲ ಕಡೆಗೂ ಇದು ಸಲ್ಲುವುದಿಲ್ಲ, ಬಂಡೆ ಮೇಲೆಯೇ ಇರುವ ಕಡೆ ಇಂಗುವುದು ಕಷ್ಟ. ರಸ್ತೆಯ ನೀರನ್ನು ಹಾಗೇ ಬಿಟ್ಟರೆ ಎಂಜಿನ್ ಆಯಿಲ್ಲು, ನಾಯಿ ಹೇಲು ಎಲ್ಲವೂ ಅಂತರ್ಜಲಕ್ಕೆ ಇಳಿಯುತ್ತದೆ. ತಾರಸಿಯ ನೀರೇ ಆಗಬೇಕು, ಮೊದಲ ಮಳೆಯದನ್ನು ಆಚೆ ಬಿಟ್ಟು ಸೋಸಿ ಬಿಡಬೇಕು. ಇವೆಲ್ಲ ಕೈಲಾಗದ ಷರತ್ತುಗಳಲ್ಲ. ಆದರೆ ಖರ್ಚು ಮೇಲಿನ ಮನೆಯವನದು, ಅದರಿಂದ ಮನೆ ಉಳಿಯುವುದು ಕೆಳಗಿನವನದು. ಈ ಗಂಟನ್ನು ಬಿಚ್ಚದೆ ಜನರ ಒಳ್ಳೆಯತನವನ್ನು ನಂಬಿ ಕೂತರೆ ಆಗುವುದಿಲ್ಲ. ಜರ್ಮನಿಯ ಬಹಳಷ್ಟು ನಗರಗಳು ಮನೆಯ ಸುತ್ತ ಎಷ್ಟು ಚದರ ಮೀಟರ್ ನೆಲವನ್ನು ಮುಚ್ಚಿದ್ದೀರಿ ಎಂದು ಅಳೆದು ಮಳೆನೀರಿಗೆ ಬೇರೆಯೇ ಶುಲ್ಕ ಹಾಕುತ್ತವೆ. ಮುಚ್ಚಿದ್ದನ್ನು ಬಿಚ್ಚಿದರೆ ಶುಲ್ಕ ಇಳಿಯುತ್ತದೆ. ನಮ್ಮ ದಂಡ ಉಪಕರಣವಿದೆಯೇ ಎಂದು ಕೇಳುತ್ತದೆ, ನೀರು ಎಷ್ಟು ಆಚೆ ಹೋಯಿತು ಎಂದು ಕೇಳುವುದಿಲ್ಲ. ಈಗ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗಿವೆ. ಆಸ್ತಿ ತೆರಿಗೆಯಲ್ಲಿ ಇಂಥದೊಂದು ಕಾಲಂ ಸೇರಿಸುವ ಧೈರ್ಯ ಯಾವ ಪಾಲಿಕೆಗೆ ಮೊದಲು ಬರುತ್ತದೋ ನೋಡಬೇಕು.

ಮೈಸೂರು ರಸ್ತೆ. ತಲೆಯ ಮೇಲೆ ನೇರಳೆ ಮಾರ್ಗದ ಮೆಟ್ರೊ, ಪಕ್ಕದಲ್ಲಿ ವೃಷಭಾವತಿ. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟಿದ್ದೆಂದು ನಂಬಿರುವ ನದಿ. ಬ್ಯಾಟರಾಯನಪುರದ ಗಾಳಿ ಆಂಜನೇಯನ ಗುಡಿಯೂ ಇದರ ದಡದ್ದೇ, ದೊಡ್ಡ ಮಳೆ ಬಂದಾಗ ನೀರು ಗುಡಿಯೊಳಗೇ ನುಗ್ಗಿದ್ದುಂಟು. ಆಂಜನೇಯ ತಗ್ಗಿನಲ್ಲಿ ಕೂತಿರುವವನು, ಪಾಪ. 1974ರಲ್ಲೇ ಇಲ್ಲಿ ಕೊಳಚೆ ಶುದ್ಧೀಕರಣ ಘಟಕ ಕಟ್ಟಿದ್ದರು. ಅದಾದ ಮೇಲೆ ಊರು ಬೆಳೆದ ರೀತಿಗೆ ಯಾವ ಘಟಕವೂ ಸಾಲದಾಯಿತು. ನಿಂತು ನೋಡಿದೆ. ಥರ್ಮೊಕೋಲ್, ಚಪ್ಪಲಿ, ಒಂದು ತಲೆದಿಂಬು, ನೊರೆ. ಮೂಗು ಮುಚ್ಚಿಕೊಂಡು ಕೆಂಗೇರಿಯ ಬಸ್ಸು ಹತ್ತಿದೆ, ಅಲ್ಲಿಂದ ಬಿಡದಿಗೆ, ಬಿಡದಿಯಿಂದ ಆಟೊದಲ್ಲಿ ಬೈರಮಂಗಲಕ್ಕೆ.

ಬೈರಮಂಗಲ ಜಲಾಶಯ ಹೊಲಗಳಿಗೆ ನೀರುಣಿಸಲೆಂದು ಕಟ್ಟಿದ್ದು. ಇದನ್ನು ದಾಟಿ ವೃಷಭಾವತಿ ಅರ್ಕಾವತಿಯನ್ನು ಸೇರುತ್ತದೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನು. ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ದೂರ, ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಕರೆಂಟು ಸುಟ್ಟು ಏರಿಸಿದ ಕಾವೇರಿಯನ್ನು ನಾವು ಬಳಸಿ ಹೀಗೆ ಅವಳಿಗೇ ಹಿಂದಿರುಗಿಸುತ್ತೇವೆ.

ಏರಿಯ ಕೆಳಗೆ ಹಸುವಿಗೆ ಹುಲ್ಲು ಕೊಯ್ಯುತ್ತಿದ್ದ ರೈತರೊಬ್ಬರು ತಾವಾಗಿಯೇ ಮಾತಾಡಿಸಿದರು.

"ಯಾವೂರು ಸ್ವಾಮಿ?"

"ಬೆಂಗಳೂರು."

"ರಾತ್ರಿ ಜೋರು ಮಳೆ ಆಗೈತೆ ಅಲ್ವಾ ಅಲ್ಲಿ? ನೀರು ನೋಡಿದ್ರೆ ಗೊತ್ತಾಯ್ತದೆ. ಬರೀ ಕರೀದು ಬಂದ್ರೆ ಮಳೆ ಇಲ್ಲ. ಕೆಂಪಗೆ ಬಂದ್ರೆ ಎಲ್ಲೋ ರಸ್ತೆ ಅಗೆದವ್ರೆ, ಮಳೆ ಬಂದೈತೆ."

ನಾನು ಬೆಳಗಿನಿಂದ ನೋಡಿದ್ದೆಲ್ಲ ಹೇಳಿದೆ. ತಾರಸಿ, ಪೈಪು, ಇಂಗುಬಾವಿ. ಅವರು ಕುಡುಗೋಲು ಕೆಳಗಿಟ್ಟು ಕೇಳಿಸಿಕೊಂಡರು. ಆಮೇಲೆ ನಾನು ನಿರೀಕ್ಷಿಸದ ಪ್ರಶ್ನೆ ಹಾಕಿದರು.

"ನೀವೆಲ್ಲ ಅಲ್ಲೇ ಇಂಗಿಸ್ಕೊಂಡ್ಬಿಟ್ರೆ ನಮ್ಗೆ ನೀರು ಕಮ್ಮಿ ಆಗಲ್ವಾ?"

ನ್ಯಾಯವಾದ ಮಾತು. ಮೇಲಿನವನು ಬಿಟ್ಟರೂ ಕೆಳಗಿನವನಿಗೆ ಕಷ್ಟ, ಹಿಡಿದರೂ ಕಷ್ಟ. ನನಗೆ ತಿಳಿದಷ್ಟು ಹೇಳಿದೆ: ವರ್ಷವಿಡೀ ಇಲ್ಲಿಗೆ ಬರುವುದು ಮಳೆಯ ನೀರಲ್ಲ, ಮನೆಗಳು ಬಳಸಿ ಬಿಟ್ಟ ನೀರು, ಅದು ಕಡಿಮೆಯಾಗುವುದಿಲ್ಲ. ಕಾವೇರಿ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಶುರುವಾದ ಮೇಲೆ ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚಿಗೆ ಊರಿಗೆ ಬರುವ ಏರ್ಪಾಡಾಗಿದೆ, ಅದರಲ್ಲೊಂದು ಪಾಲು ಇತ್ತಲೇ ಇಳಿಯುತ್ತದೆ. ಮಳೆಯ ನೀರು ಒಂದೇ ರಾತ್ರಿ ನುಗ್ಗಿ ಹೋಗಿಬಿಡುತ್ತದೆ, ಅದನ್ನು ನೀವೂ ಹಿಡಿಯಲಾರಿರಿ. ಮೇಲೆ ಇಂಗಿದರೆ ಅದರಲ್ಲಿ ಒಂದಿಷ್ಟು ಬೇಸಿಗೆಯಲ್ಲಿ ಹಳ್ಳಕ್ಕೆ ಊಟೆಯಾಗಿ ಇಳಿದೀತು.

ಅವರು ಸ್ವಲ್ಪ ಹೊತ್ತು ಯೋಚಿಸಿದರು.

"ಇದ್ದಾತು. ಆದ್ರೆ ಊಟೆ ನೀರು ಬಂದ್ರೂ ನಿಮ್ಮ ಸೋಪಿನ ನೊರೆ ಜೊತೇಲೇ ಬತ್ತದಲ್ಲ ಸ್ವಾಮಿ? ಮೊದ್ಲು ಅದೊಂದು ಬ್ಯಾರೆ ಮಾಡ್ಸಿ. ಆಮೇಕೆ ಬಾವಿ ತೋಡಿಸ್ಕಳಿ, ನಮ್ದೇನೂ ಅಡ್ಡಿಲ್ಲ."

ಹುಲ್ಲಿನ ಹೊರೆ ಕಟ್ಟಿದರು. ಕೈ ಕೊಡಿ ಎಂದರು. ಎತ್ತಿ ತಲೆಯ ಮೇಲಿಟ್ಟೆ. ಬಿಡದಿಗೆ ಮುಂದಿನ ಬಸ್ಸು ನಾಲ್ಕೂವರೆಗೆ, ಅದೂ ಬಂದರೆ ಬಂತು ಎಂದು ಹೇಳಿ ಏರಿಯ ಮೇಲೆ ನಡೆದರು.